ಚಿದಂಬರ ರಹಸ್ಯ: ತೇಜಸ್ವಿ ಕೆಸರೂರನ್ನ ಯಾಕೆ ಸುಟ್ಟರು?

ಕಳಸದ ಹುಡುಗಿ:

ಪ್ರಶ್ನೆ ಇರೋದೇ ಕಾದಂಬರಿಯ ಕೊನೆ ಬಗ್ಗೆ, ಹಾಗಾಗಿ ಇನ್ನೂ ಓದದೇ ಇರೋರು ಇಲ್ಲೇ ನಿಲ್ಸಿ, ಮೊದಲು ಪುಸ್ತಕ ಓದ್ಕೊಂಡು ಬನ್ನಿ.

ತೇಜಸ್ವಿ ಅಂದ್ರೆ ನಂಗೆ ಪ್ರಾಣ. ಕರ್ವಾಲೊ, ಪರಿಸರದ ಕತೆ, ಕಿರಗೂರಿನ ಗಯ್ಯಾಳಿಗಳು ಇವನ್ನೆಲ್ಲ ಬೇಜಾರಾದಾಗೆಲ್ಲ ತೆಗೆದು ಯಾವ್ದೋ ಒಂದು ಪುಟದಿಂದ ಓದೋಕೆ ಶುರು ಮಾಡ್ತೀನಿ. ಚಿದಂಬರ ರಹಸ್ಯ ಮಾತ್ರ ಡಿಗ್ರಿಲಿದ್ದಾಗ ಓದಿದ್ದು, ಆಮೇಲೆ ಕೈಗೆತ್ಕೊಂಡಿರ್ಲಿಲ್ಲ. ಆಗ ನಂಗದು ಪೂರ್ತಿ ನಗೋ ಪುಸ್ತಕ. ಏಲಕ್ಕಿ ಇಳುವರಿ ಯಾಕೆ ಬಿದ್ದೋಗ್ತಿದೆ ಅಂತ ಪತ್ತೆ ಮಾಡೋಕೆ ಶಾಮನಂದನ ಅಂಗಾಡಿ ಕೆಸರೂರಿಗೆ ಬರೋದು, ಬಂದವ್ರಿಗೆ ಎಲ್ಲಿ ಕೈ ಇಟ್ರೂ ಒಂದೊಂದು ರಹಸ್ಯ ಸಿಗೋದು, ವಿಜ್ಞಾನಿ ಜೋಗಿಹಾಳ್ ಸತ್ತಿದ್ದು ಹೇಗೆ ಅನ್ನೋ ಗೊಂದಲ, ಮನೆ ಮೇಲೆ ಕಲ್ಲು ಬೀಳೋ ಗಲಾಟೆ, ಕ್ರಾಂತಿ ಕ್ರಾಂತಿ ಅಂತ ಓಡಾಡೋ ಕಾಲೇಜು ಹುಡುಗ್ರು, ಇದನ್ನೆಲ್ಲ ಹಾಸ್ಟೆಲಲ್ಲಿ ಒಬ್ರು ಜೋರಾಗಿ ಓದೋದು ಉಳಿದವ್ರು ನಗೋದು. ಇವ್ರು ನಮ್ಮೂರಿನ ಇಂಥವ್ರ ಥರ, ಅವ್ರು ಅಂಥವ್ರ ಥರ ಅಂತ ಗುರುತು ಹಿಡಿಯೋದು ಬೇರೆ.

ಈಗ ಮತ್ತೆ ಓದಿದೆ. ನಗು ಈಗ್ಲೂ ಬಂತು, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಈ ಸಲ ನನ್ನ ಕಣ್ಣು ಪೂರ್ತಿ ಆ ಲಂಟಾನದ ಮೇಲೇ ಇತ್ತು. ಊರಿನ ಸುತ್ತ ಲಂಟಾನ ಬೆಳ್ಕೊಂಡು ಬಂದಿದೆ, ಅದು ಯಾರಿಗೂ ಒಂದು ವಿಷಯನೇ ಅಲ್ಲ. ಎಲ್ರಿಗೂ ಅವ್ರವ್ರ ತನಿಖೆ, ಅವ್ರವ್ರ ಜಗಳ, ಅವ್ರವ್ರ ವ್ಯಾಪಾರ. ನಂಗೂ ಮೊದಲ ಓದಲ್ಲಿ ಅದು ಕಂಡಿರ್ಲಿಲ್ಲ, ಯಾಕಂದ್ರೆ ತೇಜಸ್ವಿ ಪಕ್ಕದಲ್ಲೇ ಏನೋ ಒಂದು ತಮಾಷೆ ನಡೆಸ್ತಿರ್ತಾರೆ, ನಾವು ಅದನ್ನ ನೋಡ್ತಾ ಇರ್ತೀವಿ. ಊರಿನವ್ರನ್ನ ಮರೆಸಿದ ಹಾಗೇ ಓದೋರನ್ನೂ ಮರೆಸ್ತಾರೆ, ಆಮೇಲೆ ಕೊನೆಗೆ ಹಿಂದೂ ಮುಸ್ಲಿಂ ಗಲಾಟೆ, ಬೆಂಕಿ, ಊರಿಗೆ ಊರೇ ಹೋಗುತ್ತೆ. ಪುಸ್ತಕ ಮುಚ್ಚಿಟ್ಟಾಗ ಎದೆ ಹೊಡ್ಕೊಳ್ತಿತ್ತು, ಅವತ್ತು ರಾತ್ರಿ ಊಟ ಸೇರ್ಲಿಲ್ಲ.

ನನ್ನ ಪ್ರಶ್ನೆ ಇದು. ಈ ಮನುಷ್ಯ ಮೂಡಿಗೆರೆಲಿ ತೋಟ ಮಾಡ್ಕೊಂಡು ಇದ್ದವ್ರು, ಮೇಸ್ತ್ರಿ, ಆಳು, ಗೌಡ್ರು, ಬ್ಯಾರಿಗಳು, ಇಲಾಖೆಯವ್ರು ಎಲ್ರ ಜೊತೆ ದಿನಾ ಮಾತಾಡ್ತಿದ್ದವ್ರು. ಬೇರೆ ಪುಸ್ತಕಗಳಲ್ಲಿ ಇದೇ ಜನರನ್ನ ಎಷ್ಟು ಪ್ರೀತಿಯಿಂದ ಬರೆದಿದಾರೆ! ಕರ್ವಾಲೊ ಕೊನೆಲಿ ಆ ಹಾರುವ ಓತಿ ಕೈಗೆ ಸಿಗದೇ ತೇಲಿ ಹೋಗುತ್ತೆ, ಆದ್ರೂ ಓದಿದ ಮೇಲೆ ಮನಸ್ಸು ಎಷ್ಟು ಹಗುರ ಆಗುತ್ತೆ. ಅದು ಬಂದಿದ್ದು 1980ರಲ್ಲಿ, ಚಿದಂಬರ ರಹಸ್ಯ 1985ರಲ್ಲಿ. ಐದು ವರ್ಷದಲ್ಲಿ ಅಂಥದ್ದೇನಾಯ್ತು? ರಫಿ ಜಯಂತಿ ಇಬ್ಬರ ಪ್ರೀತಿ ಬಿಟ್ರೆ ಇಡೀ ಊರಲ್ಲಿ ಉಳಿಸ್ಕೊಳ್ಳೋವಂಥದ್ದು ಒಂದೂ ಅವ್ರಿಗೆ ಕಾಣ್ಲಿಲ್ವಾ? ಅಷ್ಟು ನಗಿಸಿ ನಗಿಸಿ ಕೊನೆಗೆ ಹಿಂಗೆ ಮಾಡಿದ್ದು ಸಿಟ್ಟಿನಿಂದನಾ, ಭಯದಿಂದನಾ? ನೀವು ಓದಿದಾಗ ನಿಮಗೆ ಏನನ್ನಿಸ್ತು ಅಂತ ಬರೀರಿ, ವಿಮರ್ಶೆ ಪುಸ್ತಕದಲ್ಲಿ ಇರೋದಲ್ಲ, ನಿಮ್ಮ ಮನಸಿಗೆ ಅನ್ನಿಸಿದ್ದು.

ಸಕಲೇಶಪುರದ ತೋಟದವ:

ನೀವು ಲಂಟಾನದ ಬಗ್ಗೆ ಬರೆದಿದ್ದು ನೋಡಿ ಖುಷಿಯಾಯ್ತು ಕಣ್ರಿ. ಈ ಪುಸ್ತಕದ ಬಗ್ಗೆ ಮಾತಾಡೋರು ಎಲ್ಲ ಕೋಮುವಾದ, ಕ್ರಾಂತಿಕಾರಿಗಳು, ಪತ್ತೇದಾರಿ ಅಂತಲೇ ಮಾತಾಡ್ತಾರೆ, ಗಿಡದ ಬಗ್ಗೆ ಮಾತಾಡೋರು ಕಮ್ಮಿ.

ನಮ್ಮದು ಮೊದಲಿಂದ್ಲೂ ಏಲಕ್ಕಿ ಮತ್ತೆ ಕಾಫಿ. ಏಲಕ್ಕಿ ಇಳುವರಿ ಬಿದ್ದಿದ್ದು ಕಾದಂಬರಿಗೋಸ್ಕರ ಹುಟ್ಟಿಸಿದ ಸಂಗತಿ ಅಲ್ಲ. ಎಂಬತ್ತರ ದಶಕದಲ್ಲಿ ಮಲೆನಾಡಿನ ಏಲಕ್ಕಿ ಬೆಳೆಗಾರರ ಮನೇಲಿ ಬೇರೆ ಮಾತೇ ಇರ್ಲಿಲ್ಲ. ಒಂದು ಕಡೆ ಕಟ್ಟೆ ರೋಗ. ಎಲೆ ಮೇಲೆ ತೆಳು ಹಸಿರು ಗೆರೆ ಬರುತ್ತೆ, ಗಿಡ ಕುಗ್ತಾ ಹೋಗುತ್ತೆ, ಕಾಯಿ ಬಿಡೋದೇ ನಿಂತೋಗುತ್ತೆ. ಅದು ವೈರಸ್, ಒಂಥರ ಸಣ್ಣ ಹೇನಿಂದ ಗಿಡದಿಂದ ಗಿಡಕ್ಕೆ ಹಬ್ಬುತ್ತೆ, ಬಂದ ಮೇಲೆ ಔಷಧಿ ಇಲ್ಲ, ಬುಡ ಸಮೇತ ಕಿತ್ತು ನಾಶ ಮಾಡ್ಬೇಕು, ನೀವು ಕಿತ್ರೂ ಪಕ್ಕದ ತೋಟದವ್ರು ಕೀಳ್ದಿದ್ರೆ ಮತ್ತೆ ಬರುತ್ತೆ. ಇನ್ನೊಂದು ಕಡೆ ನೆರಳಿಗಿದ್ದ ಮರ ಕಡಿದು ಕಡಿದು ಮಲೆಯ ತಂಪೇ ಹೋಯ್ತು, ಏಲಕ್ಕಿಗೆ ಬೇಕಾಗಿರೋದು ನೆರಳು ಮತ್ತೆ ತೇವ. ಅದ್ರ ಮೇಲೆ 1982-83ರ ಬರ ಬೇರೆ. ಸಾಲದ್ದಕ್ಕೆ ಗ್ವಾಟೆಮಾಲಾದವ್ರು ಬೆಳೆದು ಬೆಳೆದು ಹೊರದೇಶದ ಮಾರ್ಕೆಟ್ಟಲ್ಲಿ ನಮ್ಮನ್ನ ಹಿಂದೆ ಹಾಕಿದ್ರು. ಇಷ್ಟೂ ಕಾರಣ ಬೆಳೆಗಾರರ ಬಾಯಲ್ಲೇ ಇತ್ತು, ಮೂಡಿಗೆರೆಲಿ ಸಂಶೋಧನಾ ಕೇಂದ್ರ ಇತ್ತು, ಅಲ್ಲಿಂದ ಬಂದ ಮೂಡಿಗೆರೆ-1 ತಳಿ ಈಗ್ಲೂ ಹೆಸರುವಾಸಿ, 1966ರಿಂದ ಏಲಕ್ಕಿ ಮಂಡಳಿ ಅಂತ ಒಂದು ಪ್ರತ್ಯೇಕ ಮಂಡಳಿನೇ ಇತ್ತು (ಅದೇ 1987ರಲ್ಲಿ ಸಾಂಬಾರ ಮಂಡಳಿ ಆಗಿದ್ದು). ಗೊತ್ತಿರೋರು ಇದ್ರು, ಕೇಳೋರು ಇರ್ಲಿಲ್ಲ ಅನ್ನಿ.

ಅದಕ್ಕೇ ಆ ಕಾದಂಬರಿ ನಂಗೆ ಬರೀ ತಮಾಷೆ ಅನ್ಸಲ್ಲ. ಊರಿನ ಅನ್ನದ ಮೂಲ ಒಣಗ್ತಾ ಇದೆ, ಅದಕ್ಕೆ ಮಣ್ಣಲ್ಲಿ, ಮರದಲ್ಲಿ, ಮಳೆಯಲ್ಲಿ ಕಾರಣ ಇದೆ, ಆದ್ರೆ ಅಂಥ ಕಾರಣ ಹುಡುಕೋಕೆ ಯಾರಿಗೂ ತಾಳ್ಮೆ ಇಲ್ಲ, ಅದರ ಹಿಂದೆ ಒಬ್ಬ ಕಳ್ಳ ಬೇಕು, ಒಂದು ಪಿತೂರಿ ಬೇಕು. ಪಿತೂರಿ ಹುಡುಕ್ತಾ ಹೋದ್ರೆ ಅಕ್ಕಪಕ್ಕದವ್ರೇ ಶತ್ರುಗಳಾಗಿ ಕಾಣ್ತಾರೆ. ತೇಜಸ್ವಿ ಇದನ್ನ ಬರೆದಿದ್ದು ತೋಟ ಮಾಡಿದವನ ಕಣ್ಣಿಂದ.

ಇನ್ನು ಬೆಂಕಿ. ಲಂಟಾನ ನಮ್ಮ ಗಿಡ ಅಲ್ಲ, ಅಮೆರಿಕಾ ಖಂಡದ್ದು, ಬ್ರಿಟಿಷರ ಕಾಲದಲ್ಲಿ ಹೂವಿನ ಚೆಂದಕ್ಕೆ ತಂದಿದ್ದು. ಕಾಡು ಕಡಿದು ಬಿಸಿಲು ಬಿದ್ದ ಜಾಗಕ್ಕೆ ಮೊದಲು ಬರೋದೇ ಅದು. ಒಂದ್ಸಲ ಜಿಗ್ಗು ಕಟ್ಟಿದ್ರೆ ಅದರ ಕೆಳಗೆ ಇನ್ನೊಂದು ಸಸಿ ಏಳೋದು ಕಷ್ಟ. ಫೆಬ್ರವರಿ ಮಾರ್ಚಲ್ಲಿ ಒಣಗಿ ನಿಂತಿರುತ್ತೆ, ಒಂದು ಬೀಡಿ ತುಂಡು ಸಾಕು, ನೆಲದ ಬೆಂಕಿ ಅದನ್ನ ಹಿಡ್ಕೊಂಡು ಮರದ ತುದಿಗೆ ಹತ್ತುತ್ತೆ. 2019ರ ಫೆಬ್ರವರಿಲಿ ಬಂಡೀಪುರ ಹತ್ತಿ ಉರಿದಾಗ ಎಲ್ಲಾ ಪೇಪರಲ್ಲೂ ಲಂಟಾನದ ಹೆಸರು ಬಂತಲ್ಲ, ನೆನಪಿದ್ಯಾ? ನಾನು ಅವತ್ತು ಮೊದಲು ನೆನೆಸ್ಕೊಂಡಿದ್ದು ಕೆಸರೂರನ್ನ.

ಹಾಗಾಗಿ ತೇಜಸ್ವಿ ಊರಿಗೆ ಶಿಕ್ಷೆ ಕೊಟ್ರು ಅಂತ ನಂಗೆ ಅನ್ಸಲ್ಲ. ಸುತ್ತ ಅಷ್ಟು ಸೌದೆ ಕೂಡಿದ ಮೇಲೆ ಕಿಡಿ ಎಲ್ಲಿಂದಾದ್ರೂ ಬರುತ್ತೆ. ಅವ್ರು ಸುಡ್ಲಿಲ್ಲ, ಅದು ಹತ್ಕೊಳ್ಳೋದನ್ನ ಬರೆದ್ರು. ಭಯನಾ ಸಿಟ್ಟಾ ಅಂತ ಕೇಳಿದ್ರಿ, ನನ್ನ ಕೇಳಿದ್ರೆ ಭಯ. ತೋಟದಲ್ಲಿ ಬೇಸಿಗೆ ಕಳೆದವ್ರಿಗೆ ಆ ಭಯ ಏನು ಅಂತ ಗೊತ್ತು.

ಧಾರವಾಡ ಮಾಸ್ತರ:

ಭಾಳ ಛಲೋ ಪ್ರಶ್ನೆ ಕೇಳೀರಿ ತಂಗಿ. ನನಗ ಇದನ್ನ ಓದಿದಾಗ ನೆನಪಾಗಿದ್ದು ಹಿಂದಿಯ ಶ್ರೀಲಾಲ ಶುಕ್ಲ ಅವರ ರಾಗ್ ದರಬಾರಿ. ನೌಕರಿ ಮ್ಯಾಲೆ ಉತ್ತರ ಪ್ರದೇಶದಾಗ ಕೆಲವು ವರ್ಷ ಇದ್ದಾಗ ಹಿಂದಿಯೊಳಗ ಓದಿದ್ದೆ, ಆಮ್ಯಾಲೆ ಗಿಲಿಯನ್ ರೈಟ್ ಮಾಡಿದ ಇಂಗ್ಲಿಷ್ ಅನುವಾದನೂ ಓದಿದೆ. ಎರಡೂ ವ್ಯಂಗ್ಯ ಕಾದಂಬರಿ, ಎರಡೂ ಒಂದೊಂದು ಸಣ್ಣ ಊರಿನ ಕತಿ, ಎರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾವ, ಶುಕ್ಲರಿಗೆ 1969ರಾಗ, ತೇಜಸ್ವಿಯವರಿಗೆ 1987ರಾಗ. ಆದರ ಮುಗಿಯೋ ರೀತಿ ಪೂರಾ ಬ್ಯಾರೆ, ಅದಕ್ಕ ಹೇಳಬೇಕನ್ನಿಸ್ತು.

ಶುಕ್ಲ ಅವರು ಸ್ವತಃ ಸರಕಾರಿ ಅಧಿಕಾರಿ. ತಾವು ಒಳಗಿಂದ ನೋಡಿದ ಯಂತ್ರಾನ ಬರದಾರ. ಶಿವಪಾಲಗಂಜ ಅನ್ನೋ ಊರು, ಅಲ್ಲಿ ವೈದ್ಯಜೀ ಅಂತ ಒಬ್ಬ ಯಜಮಾನ, ಕಾಲೇಜು ಅವನದs, ಸಹಕಾರಿ ಸಂಘ ಅವನದs, ಪಂಚಾಯ್ತಿಗೆ ತನ್ನ ಮನಿ ಆಳನ್ನs ಪ್ರಧಾನ ಮಾಡ್ತಾನ. ಎಂ.ಎ. ಮುಗಿಸಿದ ರಂಗನಾಥ ಅನ್ನೋ ಹುಡುಗ ಆರೋಗ್ಯ ಸುಧಾರಿಸಿಕೊಳ್ಳಾಕ ಅಂತ ಆ ಊರಿಗೆ ಬರ್ತಾನ, ಎಲ್ಲಾ ನೋಡ್ತಾನ, ಒಳಗs ಕುದೀತಾನ, ಏನೂ ಮಾಡೂದಿಲ್ಲ. ಲಂಗಡ್ ಅಂತ ಒಬ್ಬ ಕುಂಟ ಬರ್ತಾನ ಅದರಾಗ. ತಹಸೀಲ ಕಚೇರಿಯಿಂದ ಒಂದು ಕಾಗದದ ನಕಲು ಬೇಕು ಅವಗ, ಲಂಚ ಕೊಡೂದಿಲ್ಲ ಅಂತ ಹಟ. ಇಡೀ ಕಾದಂಬರಿ ತುಂಬ ಅಡ್ಡಾಡ್ತಾನ. ಕಡೀಗೆ ನಕಲು ತಯಾರಾಗಿ ನೋಟೀಸ್ ಹಚ್ಚಿದಾಗ ಇಂವಾ ಊರಾಗ ಜ್ವರ ಬಂದು ಮಲಗಿರ್ತಾನ, ಮುದ್ದತ್ತು ಮುಗೀತು ಅಂತ ಅದನ್ನ ಹರದು ಒಗೀತಾರ. ಓದಿ ನಕ್ಕೀನಿ, ನಕ್ಕು ಮುಗಿಯೂದರೊಳಗ ಗಂಟಲ ಕಟ್ಟಿತ್ತು. ನಮ್ಮ ತೇಜಸ್ವಿಯವರ ತಬರ ಇದ್ದಾನಲ್ಲ, ಪಿಂಚಣಿ ಸಂಬಂಧ ಕಚೇರಿ ಕಚೇರಿ ಅಲೆದು ಹೆಂಡತೀನ್ನ ಕಳಕೊಂಡಾಂವ, ಇವರಿಬ್ಬರನ್ನೂ ಒಂದs ಬೆಂಚಿನ ಮ್ಯಾಲೆ ಕೂಡಸಬಹುದು.

ಈಗ ಕೊನಿ ಮಾತಿಗೆ ಬರ್ತೀನಿ. ಶಿವಪಾಲಗಂಜಕ್ಕ ಏನೂ ಆಗೂದಿಲ್ಲರಿ. ವೈದ್ಯಜೀ ಹಂಗs ಕುಂತಿರ್ತಾನ, ಎದುರ ನಿಂತ ಮಾಸ್ತರಗಳನ್ನ ಕಾಲೇಜಿನಿಂದ ಹೊರಗ ಹಾಕ್ತಾರ, ರಂಗನಾಥ ಊರ ಬಿಟ್ಟು ಓಡಿ ಹೋಗೂದs ಅವಗ ಉಳಿದ ದಾರಿ. ಬೆಂಕಿ ಇಲ್ಲ, ನಾಶ ಇಲ್ಲ, ನಾಳೆನೂ ಇದs, ನಾಡದ್ದೂ ಇದs. ನನಗ ಕೇಳಿದ್ರ ಹತಾಶೆ ಅಂದ್ರ ಅದು. ತೇಜಸ್ವಿಯವರು ಊರು ಸುಟ್ಟಾರ ಅಂದ್ರ ಹಿಂಗs ನಡೀಲಿಕ್ಕೆ ಆಗೂದಿಲ್ಲ, ಇದಕ್ಕೊಂದು ಅಂತ್ಯ ಅದ ಅಂತ ಅವರು ನಂಬಿದ್ರು. ಅಂತ್ಯ ಅದ ಅನ್ನಾಂವಗ ಅದನ್ನ ತಪ್ಪಿಸಬಹುದು ಅನ್ನೋ ಆಸೆ ಇರತದ. ನೀವು ಅವರು ಭರವಸೆ ಕಳಕೊಂಡಾರ ಅಂದ್ರಿ, ನನಗ ಉಲ್ಟಾ ಕಾಣಸ್ತದ.

ಇನ್ನೊಂದು ಮಾತು, 2009ರ ಜ್ಞಾನಪೀಠ ಶುಕ್ಲರಿಗೆ ಅಮರಕಾಂತ ಅವರ ಜೋಡಿ, 2010ರದ್ದು ನಮ್ಮ ಚಂದ್ರಶೇಖರ ಕಂಬಾರರಿಗೆ, ಎರಡೂ 2011ರ ಸೆಪ್ಟೆಂಬರದಾಗ ಕೂಡೇ ಘೋಷಣೆ ಆದವು. ಮುಂದ ಅಕ್ಟೋಬರದಾಗ ಶುಕ್ಲರು ತೀರಿಕೊಂಡ್ರು. ಆವಾಗ ಇಲ್ಲಿ ಎಲ್ಲಾರೂ ಕಂಬಾರರ ಸಂಭ್ರಮದಾಗ ಇದ್ವಿ, ಅದು ಸಹಜನೂ ಖರೆ, ಆದರ ಶುಕ್ಲರನ್ನ ಕನ್ನಡದ ಓದುಗರು ಇನ್ನಷ್ಟು ಓದಬೇಕು ಅಂತ ನನಗ ಇವತ್ತಿಗೂ ಅನಸ್ತದ.

ಓದುಗಿ ಶಿವಮೊಗ್ಗ:

ಎಲ್ರೂ ಹೊಗಳ್ತಿದೀರಿ, ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನಗೂ ತೇಜಸ್ವಿ ಇಷ್ಟ, ಆದ್ರೆ ಚಿದಂಬರ ರಹಸ್ಯ ಅವರ ಅತ್ಯುತ್ತಮ ಕಾದಂಬರಿ ಅಂತ ನಾನು ಒಪ್ಪಲ್ಲ. ಕತೆ ಎಳೆಗಳು ಜಾಸ್ತಿ ಆಗಿದಾವೆ. ಏಲಕ್ಕಿ, ಜೋಗಿಹಾಳ್ ಸಾವು, ಕಲ್ಲು ಬೀಳೋದು, ಕಳ್ಳನಾಟಾ ಅಂದ್ರೆ ಕದ್ದ ಮರದ ವ್ಯಾಪಾರ, ಹುಡುಗರ ಕ್ರಾಂತಿ, ಪ್ರೀತಿ, ಮತಾಂತರದ ಗುಲ್ಲು, ಇಷ್ಟನ್ನೂ ಹಿಡ್ಕೊಂಡು ಹೊರಟಾಗ ಯಾವುದೋ ಒಂದು ಹಂತದಲ್ಲಿ ಬಿಡಿಸೋದು ಕಷ್ಟ ಆಗುತ್ತೆ, ಆಗ ಬೆಂಕಿ ಬಂದು ಎಲ್ಲವನ್ನೂ ಒಂದೇ ಸಲ ಮುಗಿಸುತ್ತೆ. ಕರ್ವಾಲೊದಲ್ಲಿ ಹೀಗಿಲ್ಲ. ಅಲ್ಲಿ ಮಂದಣ್ಣನ ಮದುವೆ ಗಲಾಟೆ, ಜೇನು, ಕಳ್ಳಬಟ್ಟಿ ಕೇಸು ಎಲ್ಲಾ ಬಂದು ಕೊನೆಗೆ ಕಾಡಿನ ಆ ಕಣಿವೆಯ ಅಂಚಿಗೇ ಸೇರುತ್ತೆ. ಓತಿ ಹಾರಿ ಹೋಗೋದು ಅಷ್ಟೊತ್ತಿಗೆ ನಮಗೆ ಬೇಕಾಗಿರೋದೇ ಆಗಿರುತ್ತೆ.

ಎರಡನೇದು ಜಯಂತಿ. ಊರಿಗೆಲ್ಲ ಅವಳ ಪ್ರೀತಿ ದೊಡ್ಡ ವಿಷಯ, ಅವಳ ತಲೆಯಲ್ಲಿ ಏನು ಓಡ್ತಿದೆ ಅನ್ನೋದು ನನಗೆ ಸಾಕಾಗುವಷ್ಟು ಸಿಗಲಿಲ್ಲ. ಕಿರಗೂರಿನ ಗಯ್ಯಾಳಿಗಳಲ್ಲಿ ಅದೇ ತೇಜಸ್ವಿ ಹೆಂಗಸರ ಬಾಯಲ್ಲಿ ಎಂಥಾ ಮಾತಾಡ್ಸಿದಾರೆ! ಆ ದಾನಮ್ಮನ ಧೈರ್ಯದ ಕಾಲು ಭಾಗ ಜಯಂತಿಗೆ ಕೊಟ್ಟಿದ್ರೆ ಈ ಕಾದಂಬರಿ ಎಲ್ಲೋ ಹೋಗ್ತಿತ್ತು.

ಮತ್ತೆ ಆ ಕಾಲೇಜು ಹುಡುಗರು. ಅವರನ್ನ ಅಷ್ಟೊಂದು ಹಗುರ ಮಾಡಬಾರದಿತ್ತು. ಸಣ್ಣ ಊರಿನ ಹುಡುಗರು ಜಾತಿ ಬಗ್ಗೆ, ಅನ್ಯಾಯದ ಬಗ್ಗೆ ಮಾತಾಡೋದು ಸುಮ್ಮನೆ ಅಲ್ಲ. ನಮ್ಮ ಅಪ್ಪನ ತಲೆಮಾರಿನವರು ಆ ಥರ ಓಡಾಡಿದ್ದರಿಂದಲೇ ನಾನು ಕಾಲೇಜು ಮೆಟ್ಟಿಲು ಹತ್ತಿದ್ದು.

ಬೆಳ್ತಂಗಡಿ ಬ್ಯಾರಿ:

ನಾನು ಬ್ಯಾರಿ, ಹೆಸರಲ್ಲೇ ಉಂಟಲ್ಲ. ಈ ಪುಸ್ತಕದ ಬಗ್ಗೆ ನನಗೆ ಹೇಳ್ಲಿಕ್ಕೆ ತುಂಬಾ ಉಂಟು.

ಮೊದಲು ಓದುವಾಗ ಸುಲೇಮಾನ್ ಬ್ಯಾರಿಯ ನಾಟಾ ವ್ಯಾಪಾರದ ಕತೆ ಬಂದಾಗ ನನಗೆ ಸ್ವಲ್ಪ ಚುಚ್ಚಿದ್ದು ಹೌದು. ನಮ್ಮಜ್ಜ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಕಡೆ ಒಣಮೀನು ಮಾರ್ಲಿಕ್ಕೆ ಹೋಗ್ತಿದ್ದವರು, ಬರುವಾಗ ಕಾಳುಮೆಣಸು ತರ್ತಿದ್ರು. ಘಟ್ಟದ ಮೇಲಿನವರಿಗೂ ನಮಗೂ ಇದ್ದ ಸಂಬಂಧ ಅಂಥದ್ದು, ವ್ಯಾಪಾರ, ಸಾಲ, ನಂಬಿಕೆ, ಮದುವೆಗೆ ಕರೆಯುವುದು. ಬ್ಯಾರಿ ಅಂದ ಕೂಡ್ಲೆ ಕಳ್ಳ ವ್ಯಾಪಾರಿ ಅಂತ ಓದುವವರು ತಿಳ್ಕೊಂಡ್ರೆ ಎಂಥ ಮಾಡುವುದು ಅಂತ ಅನ್ನಿಸಿತ್ತು. ಮುಂದೆ ಓದ್ತಾ ಹೋದ ಹಾಗೆ ಆ ಬೇಜಾರು ಹೋಯ್ತು, ಯಾಕೆ ಹೇಳಿದ್ರೆ ತೇಜಸ್ವಿಯವರು ಯಾರನ್ನೂ ಬಿಡುವುದಿಲ್ಲ ಮಾರ್ರೆ, ಗೌಡರನ್ನು ಬಿಡುವುದಿಲ್ಲ, ಅಧಿಕಾರಿಗಳನ್ನು ಬಿಡುವುದಿಲ್ಲ, ಧರ್ಮ ಉಳಿಸ್ತೇವೆ ಅಂತ ಹೊರಟವರನ್ನು ಯಾವ ಕಡೆಯವರಾದ್ರೂ ಬಿಡುವುದಿಲ್ಲ. ಸುಲೇಮಾನ್ ಬ್ಯಾರಿ ಒಬ್ಬ ವ್ಯಾಪಾರಿ ಆಗಿ ಬರ್ತಾನೆ, ಒಂದು ಜಾತಿಯ ಪ್ರತಿನಿಧಿ ಆಗಿ ಬರುವುದಿಲ್ಲ. ಅವನನ್ನು ಪ್ರತಿನಿಧಿ ಮಾಡುವುದು ಊರು. ಅದನ್ನೇ ಅವರು ತೋರಿಸಿದ್ದು.

ನನಗೆ ಮೈ ನಡುಗಿದ್ದು ಅಲ್ಲಿಯೇ. ಇಬ್ಬರ ನಡುವೆ ದುಡ್ಡಿನದ್ದೋ ಹೊಟ್ಟೆಕಿಚ್ಚಿನದ್ದೋ ತಕರಾರು ಇರ್ತದೆ, ಅದು ಎರಡು ವಾರದಲ್ಲಿ ಇಬ್ಬರದ್ದಲ್ಲ, ಎರಡು ಧರ್ಮದ್ದು ಆಗಿರ್ತದೆ. ಯಾರು ಯಾವಾಗ ಬದಲಾಯಿಸಿದ್ದು ಅಂತ ಹುಡುಕಿದ್ರೆ ಒಬ್ಬನೂ ಸಿಗುವುದಿಲ್ಲ, ಎಲ್ಲರೂ ಒಂದೊಂದು ಮಾತು ಸೇರಿಸಿರ್ತಾರೆ, ಅಷ್ಟೆ. ಈ ಪುಸ್ತಕ 1985ರದ್ದು ಅಂತ ನೆನಪಿಟ್ಟು ಓದಿ. 1981ರಲ್ಲಿ ತಮಿಳುನಾಡಿನ ಮೀನಾಕ್ಷಿಪುರದಲ್ಲಿ ದಲಿತರು ಇಸ್ಲಾಮಿಗೆ ಸೇರಿದ ಮೇಲೆ ದೇಶ ಇಡೀ ಮತಾಂತರದ ಮಾತು ಎದ್ದಿತ್ತು, ಗಲ್ಫ್ ದುಡ್ಡಿನ ಮಾತು ಎದ್ದಿತ್ತು. ಕರಾವಳಿಯಿಂದ ಗಲ್ಫಿಗೆ ಹೋದ ಹುಡುಗರು ಮನೆಗೆ ದುಡ್ಡು ಕಳಿಸ್ತಿದ್ದದ್ದು ನಿಜ, ಅದು ತಂಗಿ ಮದುವೆಗೆ, ಮನೆ ಮಾಡು ಹೊದೆಸ್ಲಿಕ್ಕೆ. ಪೇಟೆಯಲ್ಲಿ ಅದೇ ದುಡ್ಡಿಗೆ ಬೇರೆ ಕತೆ ಹುಟ್ಟಿತ್ತು ಅಂತ ನಮ್ಮ ಮನೆಯ ಹಿರಿಯರು ಈಗಲೂ ಹೇಳ್ತಾರೆ. ಅಯೋಧ್ಯೆಯ ಗಲಾಟೆ ದೊಡ್ಡದಾಗುವ ಮೊದಲೇ, ಒಂದು ಮಲೆನಾಡಿನ ಪೇಟೆಯೊಳಗೆ ಇದು ಹೇಗೆ ನಡೆಯುತ್ತದೆ ಅಂತ ಒಬ್ಬ ಕನ್ನಡದ ಲೇಖಕ ಇಷ್ಟು ಸರಿಯಾಗಿ ಬರೆದಿದ್ದಾರೆ.

ಕಳಸದ ಅಕ್ಕ, ನೀವು ರಫಿ ಜಯಂತಿ ಬಿಟ್ರೆ ಉಳಿಸುವಂಥದ್ದು ಏನೂ ಕಾಣ್ಲಿಲ್ವಾ ಅಂತ ಕೇಳಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಾಣ್ತದೆ. ಆ ಇಬ್ಬರಿಗೆ ಯಾವ ರಹಸ್ಯವೂ ಬೇಡ, ಯಾವ ಶತ್ರುವೂ ಬೇಡ. ಇವತ್ತು ಅಂಥ ಜೋಡಿಯ ಬಗ್ಗೆ ಬರೀಬೇಕಾದ್ರೆ ಎಷ್ಟು ಜನರಿಗೆ ಹೆದರಬೇಕು ಹೇಳಿ. ಅವರು ಆ ಪ್ರೀತಿಯನ್ನು ವ್ಯಂಗ್ಯ ಮಾಡದೆ ಬಿಟ್ಟದ್ದಕ್ಕೆ ನಾನು ಅವರಿಗೆ ಋಣಿ.

ಮೈಸೂರು ಮಲ್ಲಿಗೆ ತೋಟ:

ಶಿವಮೊಗ್ಗದವ್ರ ಮಾತಿಗೆ ಒಂದು ಉತ್ತರ. ಹುಡುಗರನ್ನ ಹಗುರ ಮಾಡಿದ್ರು ಅಂದ್ರಿ. ತೇಜಸ್ವಿ ಚಳವಳಿಯ ಹೊರಗೆ ನಿಂತು ನಕ್ಕವರಲ್ಲ. ಲೋಹಿಯಾ ಪ್ರಭಾವದ ಸಮಾಜವಾದಿ ಯುವಜನರ ಜೊತೆ ಓಡಾಡಿದವರು, 1974ರಲ್ಲಿ ಮೈಸೂರಲ್ಲಿ ಬರಹಗಾರರ ಕಲಾವಿದರ ಒಕ್ಕೂಟ ಸೇರಿದಾಗ ಅದರ ಹಿಂದೆ ನಿಂತಿದ್ದವರಲ್ಲಿ ಒಬ್ಬರು, ಜಾತಿ ಬಿಡಿ ಅಂತ ಹೇಳಿದ ತಂದೆಯ ಮಗ. 1973ರಲ್ಲೇ ಅಬಚೂರಿನ ಪೋಸ್ಟಾಫೀಸು ಮುನ್ನುಡಿಲಿ ನವ್ಯ ಸಾಹಿತ್ಯದ ದಾರಿಯಿಂದ ನಾನು ಹೊರಗೆ ಬರ್ತಿದೀನಿ ಅಂತ ಬಹಿರಂಗವಾಗಿ ಬರೆದವರು. ತಮ್ಮ ಜೊತೆಯವರ, ತಮ್ಮದೇ ಹಳೆಯ ಉತ್ಸಾಹದ ಬಗ್ಗೆ ಬರೆಯೋವಾಗ ಅವರಿಗೆ ನೋವಿಲ್ಲದೆ ಇರುತ್ತಾ? ಆ ಹುಡುಗರು ಒಳ್ಳೆಯವರೇ, ಆದ್ರೆ ಪುಸ್ತಕದಿಂದ ಎತ್ತಿದ ಮಾತಲ್ಲಿ ಊರನ್ನ ನೋಡ್ತಾರೆ, ಊರು ಅವ್ರಿಗೆ ಕಾಣಲ್ಲ. ಆ ಕಲ್ಲು ಬೀಳೋ ಪ್ರಸಂಗನೂ ಹಾಗೇ. ಎಪ್ಪತ್ತರ ದಶಕದಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಿಂದ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು, ವಿಚಾರವಾದಿ ಅಬ್ರಹಾಂ ಕೋವೂರರು ಊರೂರು ಸುತ್ತಿ ಪವಾಡ ಬಯಲು ಮಾಡಿದ್ದು, ಇದೆಲ್ಲ ಆ ಕಾಲದ ಹುಡುಗರ ಬಾಯಲ್ಲಿತ್ತು. ವಿಚಾರವಾದದ ಮೇಲೆ ತೇಜಸ್ವಿಗೆ ಗೌರವ ಇತ್ತು, ಆದ್ರೆ ಊರಿನ ಜಗಳ ಬರೀ ಪವಾಡ ಬಯಲು ಮಾಡಿದ್ರೆ ನಿಲ್ಲಲ್ಲ ಅಂತ ಅವರಿಗೆ ಗೊತ್ತಿತ್ತು.

ಜಯಂತಿ ಬಗ್ಗೆ ನೀವು ಹೇಳಿದ್ದನ್ನ ಮಾತ್ರ ಒಪ್ತೀನಿ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಓದುಗಿ ಶಿವಮೊಗ್ಗ:

ತೇಜಸ್ವಿ ಒಳಗಿನವರು ಅನ್ನೋದು ನನಗೂ ಗೊತ್ತು. ಒಳಗಿನವರು ಬರೆದ್ರೂ ಓದೋ ಹೊರಗಿನವರಿಗೆ ನಗೋದಕ್ಕೆ ಒಂದು ಕಾರಣ ಸಿಕ್ಕ ಹಾಗಾಗುತ್ತಲ್ಲ, ನನ್ನ ಭಯ ಅದು. ನಮ್ಮ ಕಾಲೇಜಲ್ಲಿ ಈ ಪುಸ್ತಕ ಓದಿ, ಹೋರಾಟ ಮಾಡೋರೆಲ್ಲ ಹಿಂಗೇ ಅಂತ ಹೇಳ್ಕೊಂಡು ತಿರುಗಿದವರನ್ನ ನೋಡಿದೀನಿ. ಆದ್ರೆ ಬ್ಯಾರಿಯವರು ಬರೆದಿದ್ದು ಓದಿದ ಮೇಲೆ ಒಂದು ಸಮಾಧಾನ, ಚುಚ್ಚಿಸ್ಕೊಂಡವರೇ ಪೂರ್ತಿ ಓದಿ ನ್ಯಾಯ ಹೇಳಿದಾರೆ.

ಕಳಸದ ಹುಡುಗಿ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟು ಮನಸ್ಸಿಟ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ.

ತೋಟದವ್ರು ಬರೆದಿದ್ದು ಓದಿ ಅಪ್ಪನಿಗೆ ಫೋನ್ ಮಾಡಿ ಕಟ್ಟೆ ರೋಗದ ಬಗ್ಗೆ ಕೇಳ್ದೆ, ಅರ್ಧ ಗಂಟೆ ಮಾತಾಡಿದ್ರು. ನಮ್ಮ ತೋಟದ ಮೇಲ್ಗಡೆ ಹಳೇ ಏಲಕ್ಕಿ ಮಲೆ ಇದ್ದ ಜಾಗದಲ್ಲಿ ಈಗ ಪೂರ್ತಿ ಲಂಟಾನ ಅಂತೆ, ನಾನು ಚಿಕ್ಕವಳಿದ್ದಾಗಿಂದ ನೋಡಿದ ಆ ಪೊದೆಗಳ ಕೆಳಗೆ ಒಂದು ಕಾಲದಲ್ಲಿ ಏಲಕ್ಕಿ ಇತ್ತು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ತೇಜಸ್ವಿ ಅಷ್ಟೆಲ್ಲ ಪಾತ್ರಗಳ ಮಧ್ಯೆ ಒಂದು ಗಿಡನ ಯಾಕೆ ಇಟ್ರು ಅಂತ ಈಗ ಅರ್ಥ ಆಗ್ತಿದೆ.

ಆದ್ರೆ ಮಾಸ್ತರರೇ, ನಿಮ್ಮ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಅಂತ್ಯ ಇದೆ ಅನ್ನೋದೇ ಆಸೆ ಅಂದ್ರಿ. ಸುಟ್ಟು ಹೋದ ಊರಲ್ಲಿ ಆಳುಗಳ ಮನೆನೂ ಇರುತ್ತಲ್ಲ, ಅವ್ರು ಯಾವ ರಹಸ್ಯಾನೂ ಹುಡುಕಿರ್ಲಿಲ್ಲ, ಯಾರ ವ್ಯಾಪಾರದಲ್ಲೂ ಪಾಲು ತಗೊಂಡಿರ್ಲಿಲ್ಲ. ಓದೋರಿಗೆ ಎಚ್ಚರಿಕೆ ಆಗ್ಲಿ ಅಂತ ಅವ್ರ ಮನೆನೂ ಸುಡೋದು ನಂಗೆ ಇನ್ನೂ ಕಷ್ಟ ಆಗ್ತಿದೆ. ಕಾದಂಬರಿ ಒಳ್ಳೇದು ಅನ್ನೋದ್ರಲ್ಲಿ ಅನುಮಾನ ಇಲ್ಲ, ನನ್ನ ಪ್ರೀತಿಯ ಲೇಖಕರು ಅನ್ನೋದೂ ಬದಲಾಗಲ್ಲ, ಆದ್ರೂ ಇದೊಂದು ವಿಷಯದಲ್ಲಿ ಅವ್ರ ಜೊತೆ ಜಗಳ ಆಡ್ಬೇಕು ಅನ್ಸುತ್ತೆ. 2007ರಲ್ಲಿ ಹೋಗ್ಬಿಟ್ರು, ಇಲ್ಲಾಂದ್ರೆ ಮೂಡಿಗೆರೆಗೇ ಹೋಗಿ ಕೇಳ್ತಿದ್ದೆ.

ರಾಗ್ ದರಬಾರಿ ಇಂಗ್ಲಿಷಲ್ಲಿ ಆರ್ಡರ್ ಮಾಡಿದೀನಿ.

ಸಕಲೇಶಪುರದ ತೋಟದವ:

ಆಳುಗಳ ಮನೆ ಬಗ್ಗೆ ಹೇಳಿದ್ರಲ್ಲ, ಅದು ನಿಜ ಕಣ್ರಿ, ಬೆಂಕಿ ಬಿದ್ದಾಗ ಮೊದಲು ಓಡಿ ಹೋಗಿ ಸೊಪ್ಪು ಹಿಡ್ಕೊಂಡು ಬಡಿಯೋರೂ ಅವ್ರೇ, ಮೊದಲು ಕಳ್ಕೊಳ್ಳೋರೂ ಅವ್ರೇ. ತೇಜಸ್ವಿಗೆ ಅದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಬರೆದ್ರು ಅಂತಲೇ ನಂಗೆ ಆ ಕೊನೆ ಅಷ್ಟು ತಟ್ಟೋದು.

ನೀವು ಮುಂದೆ ಜುಗಾರಿ ಕ್ರಾಸ್ ಓದಿ, ಮೊದಲೇ ಓದಿದ್ರೂ ಇದರ ಬೆನ್ನಿಗೇ ಇನ್ನೊಂದ್ಸಲ ಓದಿ. ಅಲ್ಲೂ ಏಲಕ್ಕಿ, ಅಲ್ಲೂ ಕಳ್ಳಸಾಗಣೆ. ಏಲಕ್ಕಿ ಮಾರೋಕೆ ಹೊರಟ ಸುರೇಶ ಗೌರಿ ಅನ್ನೋ ಗಂಡ ಹೆಂಡತಿ ಒಂದೇ ದಿನದಲ್ಲಿ ಏನೆಲ್ಲಾ ನೋಡ್ಬೇಕಾಗುತ್ತೆ ಅನ್ನೋದೇ ಕತೆ. ಇಲ್ಲಿ ಇಡೀ ಊರು, ಅಲ್ಲಿ ಒಂದು ಸಣ್ಣ ಸಂಸಾರ. ರಫಿ ಜಯಂತಿಗೆ ಒಂದು ತೋಟ ಇದ್ದಿದ್ರೆ ಹೆಂಗಿರ್ತಿದ್ರು ಅಂತ ಯೋಚಿಸ್ತಾ ನಾನದನ್ನ ಓದ್ತೀನಿ. ಓದಿ ಮುಗಿಸಿದ ಮೇಲೆ ಇಲ್ಲೇ ಬರೀರಿ, ಶಿವಮೊಗ್ಗದವ್ರು ಗೌರಿ ಬಗ್ಗೆ ಏನು ಹೇಳ್ತಾರೆ ಅಂತ ಕೇಳ್ಬೇಕು ನಂಗೆ.